ಭಟ್ಕಳದ ಹಳೇ ಪೇಟೇಲಿ ಹೊಸ ಬಂಗಲೆ: ಟೆರೇಸಾ, ಹಂಚಾ?

ಬಂದರುರಸ್ತೆ:
ನಮಸ್ಕಾರ ಎಲ್ರಿಗೂ. ನಮ್ಮ ದೊಡ್ಡಪ್ಪನ ಮಗ ಇಪ್ಪತ್ತು ವರ್ಷದಿಂದ ದುಬೈಲಿದಾನೆ. ಈಗ ಭಟ್ಕಳದ ಹಳೇ ಪೇಟೇಲಿರೋ ಅಜ್ಜನ ಮನೆ ಕೆಡವಿ ಅದೇ ಜಾಗದಲ್ಲಿ ಮೂರಂತಸ್ತಿನ ಬಂಗಲೆ ಕಟ್ಸೋಕೆ ಹೊರಟಿದಾನೆ. ಪ್ಲಾನ್ ಫೋಟೋ ವಾಟ್ಸಾಪಲ್ಲಿ ಕಳ್ಸಿದ, ಬಿಳಿ ಡಬ್ಬದ ಮೇಲೆ ಬಿಳಿ ಡಬ್ಬ ಇಟ್ಟಂಗಿದೆ, ಎದುರಿಗೆ ಎರಡು ಫ್ಲೋರ್ ಎತ್ತರದ ಗಾಜು, ಸೂರು ಅನ್ನೋದೇ ಇಲ್ಲ, ಮೇಲೆ ಚಪ್ಪಟೆ ಟೆರೇಸು, ಅದ್ರ ಮೇಲೆ ಹುಲ್ಲುಹಾಸು ಬೇರೆ. ದುಬೈಲಿ ಚೆಂದ ಕಾಣುತ್ತೆ, ಒಪ್ತೀನಿ. ಆದ್ರೆ ಆ ಓಣೀಲಿ ಅಕ್ಕಪಕ್ಕ ಇರೋದೆಲ್ಲ ಚಿರೇಕಲ್ಲಿನ ಗೋಡೆ, ಹಂಚಿನ ಮಾಡು, ಮರದ ಸರಳಿನ ಕಿಟಕಿ. ನಾನೇನಾದ್ರೂ ಬಾಯಿಬಿಟ್ರೆ "ನೀನು ಬೆಂಗಳೂರಲ್ಲಿ ಅಪಾರ್ಟ್‌ಮೆಂಟಲ್ಲಿ ಕೂತ್ಕೊಂಡು ನಂಗೆ ಹಂಚಿನ ಮನೆ ಹೇಳ್ಬೇಡ" ಅಂತಾನೆ. ಅದೂ ಸರಿನೇ. ಮಾಡರ್ನೂ ಇರ್ಬೇಕು, ಓಣಿಗೂ ಹೊಂದ್ಬೇಕು, ಮಳೆಗೂ ತಡೀಬೇಕು, ಹಿಂಗೆ ಆಗುತ್ತಾ? ಅನುಭವ ಇದ್ದವ್ರು ಹೇಳಿ.

ಕುಂದಾಪ್ರ ಸಿವಿಲ್:
ಡಿಸೈನ್ ಆಮೇಲೆ ಮಾರಾಯ್ರೆ, ಮೊದ್ಲು ಜಾಗ ಎಲ್ಲಿ ಅಂತ ಅಳತೆ ಮಾಡಿ. ಭಟ್ಕಳದಲ್ಲಿ ಪುರಾತತ್ವ ಇಲಾಖೆ ರಕ್ಷಣೆಯಲ್ಲಿರೋ ದೇವಸ್ಥಾನ, ಬಸದಿ ಇದಾವೆ. ಪ್ರಾಚೀನ ಸ್ಮಾರಕಗಳ ಕಾನೂನಿಗೆ 2010ರಲ್ಲಿ ಆದ ತಿದ್ದುಪಡಿ ಪ್ರಕಾರ ಅಂಥ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಮನೆ ಕಟ್ಟೂ ಹಂಗೇ ಇಲ್ಲ, ಅಲ್ಲಿಂದ ಮುಂದಿನ 200 ಮೀಟರಿಗೆ ಪರ್ಮಿಷನ್ ಬೇಕು. 100ರ ಒಳಗೆ ಹಳೇ ಮನೆ ರಿಪೇರಿಗೆ ಕೇಳ್ಬಹುದು ಅಷ್ಟೇ, ಅಂದ್ರೆ ಅಜ್ಜನ ಮನೆ ಕೆಡವಿ ಆಮೇಲೆ ಇದು ಗೊತ್ತಾದ್ರೆ ಹಳೇದೂ ಇಲ್ಲ, ಹೊಸದೂ ಇಲ್ಲ.

ಇನ್ನು ಟೆರೇಸ್ ವಿಷ್ಯ. ಈ ಕರಾವಳೀಲಿ ವರ್ಷಕ್ಕೆ 3500 ಮಿ.ಮೀ. ಆಸುಪಾಸು ಮಳೆ, ಅದೂ ಬಹುಪಾಲು ನಾಲ್ಕೇ ತಿಂಗಳಲ್ಲಿ. 2022ರ ಆಗಸ್ಟಲ್ಲಿ ಭಟ್ಕಳ ಹೆಂಗೆ ಮುಳುಗಿತ್ತು ನಿಮಗೇ ಗೊತ್ತುಂಟು. ಚಪ್ಪಟೆ ಸ್ಲ್ಯಾಬ್ ಮನೆ ಕಟ್ಟಿದವ್ರೆಲ್ಲ ನಾಲ್ಕು ಮಳೆಗಾಲ ಕಳೆಯೂದ್ರೊಳಗೆ ವೆಲ್ಡಿಂಗ್‌ನವ್ನನ್ನ ಕರ್ಸಿ ಕಬ್ಬಿಣದ ಚೌಕಟ್ಟು (ಟ್ರಸ್) ಎತ್ತಿ ಕೆಂಪು ಶೀಟ್ ಹೊಡ್ಸಿರ್ತಾರೆ. ಕೋಟಿ ರೂಪಾಯಿ ಎಲಿವೇಷನ್, ತಲೆ ಮೇಲೆ ಗೋಡೌನ್ ಶೀಟು! ಹೆಂಗಿದ್ರೂ ಇಳಿಜಾರು ಮಾಡು ಬರೂದೇ, ಮೊದ್ಲೇ ಪ್ಲಾನಲ್ಲಿ ಹಾಕ್ಕೊಳ್ಳಿ, ಎರಡೂ ಬದಿಗೆ ಮೂರಡಿ ಸೂರು ಬಿಡಿ.

ಸಮುದ್ರದ ಗಾಳಿಗೆ ಕಾಂಕ್ರೀಟು ಎಂ30 ಆದ್ರೂ ಬೇಕು (ಇದು ಕಾಂಕ್ರೀಟಿನ ಗಟ್ಟಿತನದ ದರ್ಜೆ, ನಂಬರ್ ಹೆಚ್ಚಾದಷ್ಟೂ ಗಟ್ಟಿ), ಸರಳಿಗೆ ಕವರ್, ಅಂದ್ರೆ ಸರಳನ್ನ ಮುಚ್ಚೂ ಕಾಂಕ್ರೀಟಿನ ದಪ್ಪ, 45 ಮಿ.ಮೀ., ಉಪ್ಪುನೀರಿನ ಸಿಡಿತ ತಾಗೂ ಜಾಗ ಆದ್ರೆ ಎಂ35, 50 ಮಿ.ಮೀ. ಮೇಸ್ತ್ರಿ ಈ ಅಂತರಕ್ಕೆ ಸರಳಿನಡಿ ಇಡೂ ಕವರ್ ಬ್ಲಾಕ್ ಬದ್ಲಿಗೆ ಜಲ್ಲಿ ಚೂರು ಇಡ್ತಾನೆ, ನಿಂತ್ಕಂಡೇ ನೋಡ್ಬೇಕು. ನಮ್ಮ ಅತ್ತೆ ಮನೇಲಿ ನೋಡದೆ ಬಿಟ್ಟದ್ದಕ್ಕೆ ಬಾಲ್ಕನಿ ಅಡಿಭಾಗ ರೊಟ್ಟಿ ಎದ್ದಂಗೆ ಎದ್ದು ಬಿತ್ತು, ಒಳಗೆ ಸರಳು ಕೈಯಲ್ಲಿ ಉಜ್ಜಿದ್ರೆ ಪುಡಿ.

ಚಿತ್ತಾರ:
ಮೇಲಿನವ್ರು ಹೇಳಿದ್ದು ಸರಿ. ಆದ್ರೆ ಹಂಚು ಹಾಕಿದ ತಕ್ಷಣ ಪರಂಪರೆ ಉಳೀತು ಅನ್ನೋದನ್ನ ಒಪ್ಪಲ್ಲ. ಮಂಗಳೂರು ಹಂಚೇ ಒಂದು ಕಾಲದ ಫ್ಯಾಕ್ಟರಿ ಮಾಲು, ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಮಿಷನರಿ ಸಂಸ್ಥೆಯವ್ರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರು ಮಾಡಿದ್ದು, ಅಲ್ಲೀವರ್ಗೆ ಎಷ್ಟೋ ಮನೆಗೆ ಸೋಗೆ, ಹುಲ್ಲೇ ಇದ್ದಿದ್ದು. ಕಾಂಕ್ರೀಟೂ ಶತ್ರು ಅಲ್ಲ. ಪುದುಚೇರಿಯ ಫ್ರೆಂಚ್ ಬೀದಿಗಳ ನಡುವೆ ಗೋಲ್ಕೊಂಡ ಅಂತ ಅರವಿಂದಾಶ್ರಮದ ವಸತಿಗೃಹ ಇದೆ, ಆಂಟೊನಿನ್ ರೇಮಂಡ್ ಅನ್ನೋ ಆರ್ಕಿಟೆಕ್ಟಿನ ಡಿಸೈನು, 1930ರ ದಶಕದಲ್ಲಿ ಶುರುವಾಗಿ 40ರ ದಶಕದಲ್ಲಿ ಮುಗಿದಿದ್ದು. ಪೂರ್ತಿ ಕಾಂಕ್ರೀಟು, ಸಮುದ್ರ ಕೂಗಳತೆ ದೂರ, ಎಸಿ ಇಲ್ಲ. ಗೋಡೆ ಬದ್ಲು ಉದ್ದಕ್ಕೂ ಅಡ್ಡಪಟ್ಟಿ, ತಿರುಗಿಸಿದ್ರೆ ಗಾಳಿ ಬರುತ್ತೆ, ಬಿಸಿಲು ಮಳೆ ಹೊರಗೇ. ಮಾಡು ಕೂಡ ಎರಡು ಪದರ, ಮಧ್ಯೆ ಗಾಳಿ.

ಇನ್ನೊಂದ್ ಮಜಾ ಏನ್ ಗೊತ್ತಾ, ಈ ಪಟ್ಟಿ ಐಡಿಯಾ ನಿಮ್ಮೂರಲ್ಲೇ ಇದೆ. ಖೇತಪೈ ನಾರಾಯಣ ದೇವಸ್ಥಾನದ ಸುತ್ತುಗೋಡೆ ನೋಡಿದೀರಾ? ಕಂಬಕ್ಕೂ ಕಂಬಕ್ಕೂ ಮಧ್ಯೆ ಕಲ್ಲಿನ ಪಟ್ಟಿಗಳನ್ನ ಮರದ ಹಲಗೆ ಥರ ಅಡ್ಡಡ್ಡ ಓರೆಯಾಗಿ ಕೂರ್ಸಿದಾರೆ, ಮೇಲಿನ ಮಾಡೂ ಕಲ್ಲು ಚಪ್ಪಡಿಯದೇ, ಇಳಿಜಾರು. ನಾನು ಜುಲೈಲಿ ಹೋಗಿದ್ದೆ, ಹೊರಗೆ ಧೋ ಅಂತ ಸುರೀತಿತ್ತು, ಒಳಗೆ ನಿಂತ್ರೆ ಗಾಳಿ ಮಾತ್ರ. ನಿಮ್ಮಣ್ಣನ ಆರ್ಕಿಟೆಕ್ಟನ್ನ ಒಂದ್ಸಲ ಅಲ್ಲಿಗೆ ಕರ್ಕೊಂಡ್ ಹೋಗಿ ನಿಲ್ಸಿ. ಎರಡು ಫ್ಲೋರ್ ಗಾಜಿನ ಜಾಗಕ್ಕೆ ಮರದ್ದೋ ಕಾಂಕ್ರೀಟಿಂದೋ ಓರೆಪಟ್ಟಿ ಬರ್ಲಿ, ಅದು ಮಾಡರ್ನ್ ಅಲ್ಲ ಅಂತ ಯಾರು ಹೇಳ್ತಾರೆ.

ಮಲ್ಲಿಗೆಮೊಗ್ಗು:
ಗಾಜು ಒರೆಸೋದು ಯಾರು ಅಂತ ಒಬ್ರೂ ಕೇಳ್ಲಿಲ್ವಲ್ಲ 😀 ನಮ್ಮ ಪಕ್ಕದಲ್ಲೇ ಇಂಥ ಬಂಗಲೆ ಇದೆ, ಮನೆಯವ್ರು ಬರೋದು ವರ್ಷಕ್ಕೊಂದು ತಿಂಗಳು, ಉಳಿದ ಹನ್ನೊಂದು ತಿಂಗಳು ಒಬ್ರು ಅಜ್ಜಿ, ಒಬ್ಳು ಕೆಲಸದವ್ಳು, ಹತ್ತು ರೂಮಿಗೆ ಬೀಗ. ಜೂನಲ್ಲಿ ಮುಚ್ಚಿದ ಕಪಾಟು ಗಣೇಶ ಚೌತಿಗೆ ತೆಗೆದ್ರೆ ರೇಷ್ಮೆ ಸೀರೆ, ಚಪ್ಪಲಿ ಎಲ್ಲದರ ಮೇಲೂ ಹಸಿರು ಬೂಷ್ಟು. ಗಾಜು ತೆಗೆಯೋಕೆ ಬರಲ್ಲ, ಎಸಿ ಹಾಕಿಡೋಕೆ ಆಗಲ್ಲ. ಹಳೇ ಮನೇಲಿ ಬಾಗ್ಲು ಹಾಕಿದ್ರೂ ಹಂಚಿನ ಸಂದೀಲಿ ಗಾಳಿ ಆಡ್ತಿತ್ತು. ಮನೇಲಿ ಯಾರು ಇರ್ತಾರೆ ಅಂತ ನಿಮ್ಮಣ್ಣನ್ನ ಕೇಳಿ.

ಬಂದರುರಸ್ತೆ:
ಎಲ್ರಿಗೂ ಥ್ಯಾಂಕ್ಸ್. ಮ್ಯಾಪಲ್ಲಿ ಅಳೆದೆ, ಹತ್ತಿರದ ಬಸದಿಗೆ 170 ಮೀಟರ್ ಚಿಲ್ಲರೆ, ಹಂಗಾಗಿ ಪರ್ಮಿಷನ್ ಬೇಕೇ ಬೇಕು, ಇದು ಕೇಳಿ ಅಣ್ಣ ಸ್ವಲ್ಪ ತಣ್ಣಗಾದ. ಗಾಜು ಬಿಡೋಕೆ ಇನ್ನೂ ಒಪ್ಪಿಲ್ಲ, ಆದ್ರೆ ಬೂಷ್ಟಿನ ಕಥೆ ಅತ್ತಿಗೆಗೆ ಓದಿ ಹೇಳಿದೀನಿ, ಕೆಲಸ ಅಲ್ಲಿಂದ ಆಗುತ್ತೆ. ಇನ್ನೊಂದು ಡೌಟು: ಅಜ್ಜನ ಮನೆ ಚಿರೇಕಲ್ಲು ಹೊಸದಕ್ಕೆ ಬಳಸ್ಬಹುದಾ?

ಕುಂದಾಪ್ರ ಸಿವಿಲ್:
ಬಳಸಿ, ಗಾಳಿಗೆ ಬಿದ್ದಷ್ಟೂ ಗಟ್ಟಿ ಆಗೂ ಕಲ್ಲದು. ಆದ್ರೆ ಜೆಸಿಬಿ ತರ್ಸ್ಬೇಡಿ, ಆಳು ಹಾಕಿ ಒಂದೊಂದೇ ಬಿಚ್ಚಿಸಿ.