‘ನಾಕಿಂಗ್’ ಎಂಬ ಒಂದೇ ಮಾತು, ಬೇರೆ ಬೇರೆ ಸದ್ದುಗಳು: ಹಳೆಯ ಕಾರಿನ ಎಂಜಿನ್ನಿಗೆ ತಕ್ಕ ಕನ್ನಡ ಪದಗಳಾವುವು?

ಮಾನ್ಯರೇ,

ಹಳೆಯ ಕಾರುಗಳ ಎಂಜಿನ್ನಿನಿಂದ ಹೊರಡುವ ಅಸಹಜ ಸದ್ದುಗಳನ್ನು ಮನೆಯಂಗಳದಲ್ಲೇ ಕೇಳಿ ಗುರುತಿಸುವುದು ಹೇಗೆಂಬುದನ್ನು ಕುರಿತು ನಮ್ಮೂರಿನ ವಾಚನಾಲಯಕ್ಕಾಗಿ ಒಂದು ಕಿರು ಕೈಪಿಡಿಯನ್ನು ಬರೆಯುತ್ತಿದ್ದೇನೆ. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಮಾರುತಿ 800 ಕಾರುಗಳು ಇನ್ನೂ ಓಡಾಡುತ್ತಿವೆ. ಅದರ ತಯಾರಿಕೆ 2014ರಲ್ಲೇ ನಿಂತಿರುವುದರಿಂದ ಅವುಗಳಲ್ಲಿ ತೀರ ಹೊಸದಕ್ಕೂ ಹತ್ತು ವರ್ಷ ಕಳೆದಿದೆ, ಹಾಗಾಗಿ ಸದ್ದಿಗೆ ಬರವಿಲ್ಲ. ಯಾವ ಸದ್ದು ಎಲ್ಲಿಂದ ಬರುತ್ತದೆಂಬುದನ್ನು ವಿವರಿಸುವುದು ಕಷ್ಟವಾಗಲಿಲ್ಲ. ಆದರೆ ಆ ಸದ್ದುಗಳಿಗೆ ಕನ್ನಡದಲ್ಲಿ ಏನೆನ್ನಬೇಕೆಂಬಲ್ಲಿ ಬರವಣಿಗೆ ನಿಂತುಬಿಟ್ಟಿದೆ. ಮುಖ್ಯವಾಗಿ ‘ನಾಕಿಂಗ್’ ಎಂಬ ಮಾತನ್ನು ಕುರಿತು ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಎಂಜಿನ್ನಿನ ಒಳಗಿನಿಂದ ಬಡಿದಂತೆ ಕೇಳುವ ಯಾವುದೇ ಸದ್ದನ್ನು ‘ನಾಕಿಂಗ್’ ಎಂದುಬಿಡುವುದು ನಮ್ಮಲ್ಲಿ ರೂಢಿ. ಈ ಒಂದು ಮಾತಿನಡಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ದೋಷಗಳು ಸೇರಿಕೊಂಡಿವೆ. ಮೊದಲನೆಯದು ಇಂಧನ ಉರಿಯುವ ಬಗೆಗೆ ಸಂಬಂಧಿಸಿದ್ದು. ಪ್ಲಗ್ಗಿನ ಕಿಡಿಯಿಂದ ಹುಟ್ಟಿದ ಜ್ವಾಲೆ ಸಿಲಿಂಡರಿನ ತುಂಬ ಹರಡುವುದಕ್ಕೆ ಮೊದಲೇ, ಉಳಿದಿರುವ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವು ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ ತಾನಾಗಿ ಒಮ್ಮೆಲೇ ಹೊತ್ತಿಕೊಂಡರೆ ಈ ಸದ್ದು ಕೇಳಿಸುತ್ತದೆ. ಏರು ರಸ್ತೆಯಲ್ಲಿ ಗಿಯರ್ ಇಳಿಸದೆ ಆಕ್ಸಿಲರೇಟರ್ ಒತ್ತಿದಾಗ ಇದು ಎದ್ದು ಕೇಳುತ್ತದೆ, ಕಾಲು ತೆಗೆದೊಡನೆ ಅಡಗುತ್ತದೆ. ಟೈಮಿಂಗ್, ಅಂದರೆ ಕಿಡಿ ಹಾರುವ ಗಳಿಗೆ, ಮುಂದಾಗಿರುವುದು, ಒಳಗೆ ಕರಿ ಕಟ್ಟಿರುವುದು, ಎಂಜಿನ್ ಮಿತಿಮೀರಿ ಕಾಯುವುದು, ಪೆಟ್ರೋಲಿನ ಆಕ್ಟೇನ್ (ತಾನಾಗಿ ಹೊತ್ತಿಕೊಳ್ಳದೆ ತಡೆದುಕೊಳ್ಳುವ ಗುಣ) ಸಾಲದಿರುವುದು, ಇವು ಅದರ ಸಾಮಾನ್ಯ ಕಾರಣಗಳು. ಎರಡನೆಯದು ಲೋಹದ ಸವೆತ. ಪಿಸ್ಟನ್ನಿನ ಚಲನೆಯನ್ನು ಕ್ರ್ಯಾಂಕ್ ಶಾಫ್ಟಿಗೆ ಮುಟ್ಟಿಸುವ ಕನೆಕ್ಟಿಂಗ್ ರಾಡು ಆ ಶಾಫ್ಟನ್ನು ಹಿಡಿದಿರುವ ಜಾಗದ ಬೇರಿಂಗ್ ಸವೆದು ಸಡಿಲವಾದಾಗ, ರಾಡು ಶಾಫ್ಟಿಗೆ ಹೋಗಿ ಹೊಡೆಯುತ್ತದೆ. ಮೊದಲನೆಯದಾದರೆ, ಪ್ಲಗ್ಗುಗಳಿಗೆ ವಿದ್ಯುತ್ತನ್ನು ಹಂಚುವ ಡಿಸ್ಟ್ರಿಬ್ಯೂಟರನ್ನು ತುಸು ತಿರುಗಿಸಿ ಟೈಮಿಂಗ್ ಸರಿಮಾಡಿಸಿದರೆ ಎಷ್ಟೋ ಸಲ ಮುಗಿಯುತ್ತದೆ. ಎರಡನೆಯದಾದರೆ ಅಲ್ಲಿಯೇ ಎಂಜಿನ್ ನಿಲ್ಲಿಸಿ ಗಾಡಿಯನ್ನು ಎಳೆಸಿಕೊಂಡು ಹೋಗಬೇಕು, ಹಾಗೆಯೇ ಓಡಿಸಿದರೆ ರಾಡು ಮುರಿದು ಎಂಜಿನ್ ಬ್ಲಾಕನ್ನೇ ಒಡೆಯಬಹುದು. ಇವೆರಡಕ್ಕೂ ಒಂದೇ ಹೆಸರಿರುವುದು ಬರಿಯ ಭಾಷೆಯ ಬಡತನವಲ್ಲ, ಓದುಗನ ಹಣಕ್ಕೂ ಕೆಲವೊಮ್ಮೆ ಜೀವಕ್ಕೂ ಸಂಬಂಧಿಸಿದ ವಿಷಯ.

ನಮ್ಮ ಗಡಿನಾಡಿನಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿಕೊಂಡಿದೆ. ಕಾರಿನೊಡನೆ ಬಂದ ಪುಸ್ತಕ ಇಂಗ್ಲಿಷಿನಲ್ಲಿರುತ್ತದೆ, ಮನೆಯಲ್ಲಿ ಹವ್ಯಕವೋ ತುಳುವೋ ಕೊಂಕಣಿಯೋ ನಡೆಯುತ್ತದೆ, ವರ್ಕ್‌ಶಾಪಿನಲ್ಲಿ ಬಹುಮಟ್ಟಿಗೆ ಮಲಯಾಳ. ‘ಎಂತದೋ ಶಬ್ದ ಬತ್ತಾ ಇದ್ದು’ ಎಂದು ಮನೆಯಲ್ಲಿ ಹೊರಟ ಮಾತು ಮೆಕ್ಯಾನಿಕನ ಹತ್ತಿರ ‘ಒಚ್ಚೆ’ಯಾಗಿ, ಕೊನೆಗೆ ‘ಅಡಿ’ಯಾಗಿ ಹಿಂದಿರುಗುತ್ತದೆ. ಮಲಯಾಳದಲ್ಲಿ ‘ಅಡಿ’ ಎಂದರೆ ಏಟು, ಹೊಡೆತ; ಬುಡ, ಕೆಳಭಾಗ ಎಂಬ ಅರ್ಥವೂ ಅದಕ್ಕಿದೆ. ನಮ್ಮ ‘ಅಡಿ’ಗೆ ಏಟಿನ ಅರ್ಥ ಇಲ್ಲವೇ ಇಲ್ಲ. ‘ಎಂಜಿನಿಗೆ ಒಂದು ಅಡಿ ಉಂಟು’ ಎಂದು ಮೆಕ್ಯಾನಿಕನು ಕನ್ನಡದವರಿಗಾಗಿ ಕನ್ನಡದಲ್ಲೇ ಹೇಳಿದಾಗ, ಗಾಡಿಯ ಯಜಮಾನರು ಮೊಣಕಾಲೂರಿ ಕಾರಿನ ತಳಭಾಗವನ್ನು ಇಣುಕಿ, ‘ಎಣ್ಣೆ ಸೋರುವುದು ಕಾಣುವುದಿಲ್ಲವಲ್ಲ’ ಎಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಬ್ಬರದೂ ತಪ್ಪಲ್ಲ. ಮಲಯಾಳದಲ್ಲಿ ಕಿಲುಕ್ಕಂ, ಇರಂಬಲ್, ಮೂಳಲ್ ಎಂಬಂತಹ ಪದಗಳು ಸದ್ದಿನ ಬಗೆಗಳನ್ನು ಬೇರೆ ಮಾಡಿ ಹೇಳುತ್ತವೆ. ಅದಕ್ಕೆ ಸರಿದೊರೆಯಾಗಿ ನಾವು ‘ಶಬ್ದ’ ಎಂಬುದೊಂದನ್ನೇ ಮುಂದೊಡ್ಡುತ್ತೇವೆ.

ಸದ್ದನ್ನು ಫೋನಿನಲ್ಲಿ ಧ್ವನಿಮುದ್ರಿಸಿ ಮೆಕ್ಯಾನಿಕನಿಗೆ ಕಳುಹಿಸಿದರಾಯಿತು, ಪದಗಳೇಕೆ ಎಂದು ಕೇಳುವವರಿದ್ದಾರೆ. ಫೋನಿನ ಪುಟ್ಟ ಸ್ಪೀಕರಿನಲ್ಲಿ ತಗ್ಗುಸ್ವರದ ಸದ್ದುಗಳು ಬಹುಪಾಲು ಕಳೆದುಹೋಗುತ್ತವೆ. ಬೇರಿಂಗಿನ ಆಳವಾದ ಸದ್ದು ಆ ಕಡೆಯ ಕಿವಿಗೆ ತೆಳುವಾಗಿ, ವಾಲ್ವನ್ನು ಒತ್ತಿ ತೆರೆಯುವ ಟ್ಯಾಪೆಟ್ಟಿನದೋ ಎಂಬಂತೆ ಕೇಳಿಸಬಹುದು. ಸದ್ದಿನ ತೂಕ, ಅದು ಯಾವಾಗ ಹುಟ್ಟಿ ಯಾವಾಗ ಅಡಗುತ್ತದೆ ಎಂಬುದನ್ನೆಲ್ಲ ಮಾತಿನಲ್ಲೇ ಹೇಳಬೇಕಾಗುತ್ತದೆ.

ಹಾಗೆ ನೋಡಿದರೆ ಈ ಕೆಲಸಕ್ಕೆ ಬೇಕಾದ ಸಾಮಗ್ರಿ ಕನ್ನಡದಲ್ಲಿ ಇಲ್ಲವೆನ್ನಲಾಗದು. ಅನುಕರಣಾವ್ಯಯಗಳಲ್ಲಿ ನಮ್ಮ ಭಾಷೆಗೆ ಒಂದು ಕ್ರಮವೇ ಇದೆ. ಗಡಿಯಾರ ಟಿಕಟಿಕ ಎನ್ನುತ್ತದೆ, ಬಾಗಿಲನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಟಕಟಕ, ಅಂಗೈಯಿಂದ ಬಡಿದರೆ ದಬದಬ. ‘ಇ’ಕಾರವು ಸಣ್ಣ, ಚುರುಕಾದ ಸದ್ದಿಗೆ, ‘ಅ’ಕಾರವು ಅದಕ್ಕಿಂತ ದೊಡ್ಡದಕ್ಕೆ ಸಲ್ಲುತ್ತದೆ, ಕಕಾರ, ಟಕಾರ, ಪಕಾರಗಳ ಜಾಗದಲ್ಲಿ ಗಕಾರ, ಡಕಾರ, ಬಕಾರಗಳು ಬಂದರೆ ಸದ್ದಿಗೆ ಭಾರ ಬರುತ್ತದೆ. ಕಟಕಟ–ಗಡಗಡ, ಪಟಪಟ–ಬಡಬಡ, ಕಿಣಿಕಿಣಿ–ಗಣಗಣ ಎಂಬ ಜೋಡಿಗಳನ್ನು ನೋಡಬಹುದು. ಈ ಏರಿಳಿತವನ್ನು ಎಂಜಿನ್ನಿಗೆ ಹೊಂದಿಸಿದಾಗ ಅಚ್ಚರಿಯೆನ್ನುವಷ್ಟು ಸರಿಹೋಗುತ್ತದೆ. ಟ್ಯಾಪೆಟ್ಟಿನ ಸಂದು ಹೆಚ್ಚಾದಾಗ ಎಂಜಿನ್ನಿನ ನೆತ್ತಿಯಿಂದ ಬರುವುದು ಟಿಕಟಿಕ. ಸಿಲಿಂಡರಿನಲ್ಲಿ ಸವೆದ ಪಿಸ್ಟನ್ ಅತ್ತಿತ್ತ ಬಡಿಯುವುದು ಟಕಟಕ. ಇದು ಬೆಳಗ್ಗೆ ತಣ್ಣಗಿರುವ ಎಂಜಿನ್ನಿನಲ್ಲಿ ಹೆಚ್ಚಾಗಿದ್ದು, ಪಿಸ್ಟನ್ ಕಾದು ಹಿಗ್ಗಿದಂತೆ ಕಡಿಮೆಯಾಗುತ್ತದೆ. ಬೇರಿಂಗಿನದು ಕೆಳಗಿನಿಂದ ಬರುವ ಡಬ್ ಡಬ್.

ವೇಗವೂ ಇಲ್ಲಿ ಒಂದು ಸುಳಿವು. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ವಾಲ್ವುಗಳನ್ನು ನಡೆಸುವ ಕ್ಯಾಮ್ ಶಾಫ್ಟು ಕ್ರ್ಯಾಂಕ್ ಶಾಫ್ಟಿನ ಅರ್ಧ ವೇಗದಲ್ಲಿ ತಿರುಗುವುದರಿಂದ, ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಸಡಿಲವಾದ ಒಂದು ಟ್ಯಾಪೆಟ್ 400 ಸಲ ಮಾತ್ರ ಟಿಕ್ಕೆನ್ನುತ್ತದೆ. ಆದ್ದರಿಂದಲೇ ಟ್ಯಾಪೆಟ್ಟಿನ ಸದ್ದು ಎಂಜಿನ್ನಿಗಿಂತ ನಿಧಾನವಾಗಿ ನಡೆದಂತೆ ಭಾಸವಾಗುವುದು. ಟಿಕಟಿಕ ಕೇಳಿದ ಕೂಡಲೇ ಟ್ಯಾಪೆಟ್ ಎಂದು ತೀರ್ಮಾನಿಸಲೂ ಆಗದು: ಎಗ್ಸಾಸ್ಟ್ ಮ್ಯಾನಿಫೋಲ್ಡಿನ (ಎಂಜಿನ್ನಿನಿಂದ ಹೊಗೆ ಹೊರಡುವ ಕೊಳವೆಯ) ಪ್ಯಾಕಿಂಗ್ ಸುಟ್ಟು ಹೊಗೆ ಸೋರುವಾಗಲೂ ಹೆಚ್ಚುಕಡಿಮೆ ಅದೇ ಸದ್ದು ಕೇಳುತ್ತದೆ, ಕಬ್ಬಿಣ ಕಾದು ಸಂದು ಮುಚ್ಚಿಕೊಂಡಾಗ ಅದು ತಗ್ಗುತ್ತದೆ.

ಸದ್ದಿನ ಜಾಗವನ್ನು ಹುಡುಕಲು ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ವಾಲ್ವಿನ ಮುಚ್ಚಳಕ್ಕೆ, ಬ್ಲಾಕಿನ ಬದಿಗೆ, ಕೆಳಗೆ ಆಯಿಲ್ ಚೇಂಬರಿಗೆ ಒಂದೊಂದಾಗಿ ಒತ್ತಿ, ಹಿಡಿಯನ್ನು ಕಿವಿಯ ಬಳಿಯ ಎಲುಬಿಗೆ ತಾಗಿಸಿ ಕೇಳುವ ಕ್ರಮವನ್ನು ಕೈಪಿಡಿಯಲ್ಲಿ ವಿವರಿಸಿದ್ದೇನೆ. ಹೆಗಲ ಮೇಲಿನ ಬೈರಾಸನ್ನು (ಟವೆಲನ್ನು) ತೆಗೆದಿಟ್ಟು ಬಗ್ಗಬೇಕೆಂದೂ ಬರೆದಿದ್ದೇನೆ. ತಿರುಗುವ ಫ್ಯಾನಿಗೆ ಬೈರಾಸು ಸಿಕ್ಕಿದರೆ ಮುಂದಿನ ಪುಟಗಳನ್ನು ಓದಲು ಜನ ಉಳಿಯಬೇಕಲ್ಲ. ಕಾರ್ಬ್ಯುರೇಟರಿನ ಹಳೆಯ ಗಾಡಿಗಳಲ್ಲಿ ಒಂದೊಂದೇ ಪ್ಲಗ್ಗಿನ ವೈರನ್ನು ಬಿಡಿಸಿ ನೋಡುವುದೂ ಉಂಟು. ಯಾವ ಸಿಲಿಂಡರಿನ ಕಿಡಿ ತಪ್ಪಿಸಿದಾಗ ಡಬ್ ಡಬ್ ಎಂಬುದು ತಗ್ಗುತ್ತದೆಯೋ ಆ ಸಿಲಿಂಡರಿನ ರಾಡಿನ ಬೇರಿಂಗ್ ಹೋಗಿದೆಯೆಂದು ತಿಳಿಯಬಹುದು, ಏಕೆಂದರೆ ಅಲ್ಲಿ ಇಂಧನ ಉರಿಯದಿದ್ದರೆ ರಾಡಿನ ಮೇಲೆ ಬೀಳುವ ಒತ್ತಡ ಇಳಿಯುತ್ತದೆ. ಆ ವೈರಿನಲ್ಲಿ ಸಾವಿರಾರು ವೋಲ್ಟಿನ ವಿದ್ಯುತ್ತು ಇರುವುದರಿಂದ ಇದನ್ನು ಎಂಜಿನ್ ನಿಲ್ಲಿಸಿ ಬಿಡಿಸಿ, ವೈರಿನ ತುದಿಯನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿಟ್ಟು, ಮತ್ತೆ ಚಾಲೂ ಮಾಡುವ ರೀತಿಯಲ್ಲೇ ಮಾಡಬೇಕು.

ಈಗ ಪದಗಳ ಆಯ್ಕೆಗೆ ಬರುತ್ತೇನೆ. ‘ಬಡಿತ’ವನ್ನು ಮೊದಲು ಯೋಚಿಸಿ ಕೈಬಿಟ್ಟೆ. ಎದೆಬಡಿತ, ನಾಡಿಬಡಿತ ಎಂಬ ಬಳಕೆಯಿಂದಾಗಿ ಆ ಪದಕ್ಕೆ ಆರೋಗ್ಯದ ಅರ್ಥ ಅಂಟಿಕೊಂಡಿದೆ. ‘ಎಂಜಿನ್ನಿನ ಬಡಿತ’ ಎಂದರೆ ಎಂಜಿನ್ ಸರಿಯಾಗಿ ನಡೆಯುತ್ತಿದೆಯೆಂದೇ ಓದುಗರು ತಿಳಿದಾರು. ‘ಕುಟ್ಟು’ ಚೆನ್ನಾಗಿದೆ, ಆದರೆ ಅದರಲ್ಲಿ ಉದ್ದೇಶಪೂರ್ವಕವಾದ ಕೆಲಸದ ಅರ್ಥ ಮುಂದಾಗಿದೆ. ಬೇರಿಂಗಿನ ಸದ್ದಿಗೆ ‘ಗುದ್ದು’ ಎಂಬುದು ನನಗೆ ಅತ್ಯಂತ ಒಪ್ಪುವಂತೆ ತೋರುತ್ತದೆ: ಅದರಲ್ಲಿ ಭಾರವಿದೆ, ಮಂದವಾದ ನಾದವಿದೆ, ಹೊಡೆಸಿಕೊಂಡ ವಸ್ತುವಿಗೆ ಪೆಟ್ಟಾಗುತ್ತದೆಂಬ ಸೂಚನೆಯೂ ಇದೆ. ಉರಿಯುವಿಕೆಯ ದೋಷಕ್ಕೆ ‘ಆಸ್ಫೋಟನೆ’ ಎಂಬ ಪಾಠಪುಸ್ತಕದ ಮಾತನ್ನು ಬಳಸಿದರೆ ಎಂಜಿನ್ ಸಿಡಿದುಹೋಗುತ್ತದೆಂದು ಓದುಗರು ಹೆದರಿಯಾರು. ಆ ಸದ್ದು ನಿಜವಾಗಿ ಕೇಳುವುದು ಒಗ್ಗರಣೆಯ ಸೌಟಿನಲ್ಲಿ ಸಾಸಿವೆ ಸಿಡಿದಂತೆ, ಲೋಹದ ನಾದ ಬೆರೆತ ಚಿಟಿಚಿಟಿಯಾಗಿ. ಆದ್ದರಿಂದ ‘ಸಿಡಿತ’ ಎಂದಿಟ್ಟುಕೊಂಡಿದ್ದೇನೆ. ‘ಏರಿನಲ್ಲಿ ಎಂಜಿನ್ ಸಿಡಿತ ಕೊಡುತ್ತದೆ’, ‘ಕೆಳಗಿನಿಂದ ಗುದ್ದು ಕೇಳುತ್ತದೆ’ ಎಂಬ ವಾಕ್ಯಗಳು ನಿಮ್ಮ ಕಿವಿಗೆ ಸಹಜವಾಗಿವೆಯೇ? ‘ಸಿಡಿತ’ವನ್ನು ತಲೆನೋವಿನ ಮಾತಾಗಿಯೂ ಬಳಸುವುದರಿಂದ ಗೊಂದಲವಾಗುವುದೋ ಎಂಬ ಶಂಕೆ ನನಗೆ ಸ್ವಲ್ಪ ಇದೆ.

ಉಳಿದವು ಅಷ್ಟು ತೊಡಕಿನವಲ್ಲ. ಮಳೆಗಾಲದ ಬೆಳಗ್ಗೆ ಫ್ಯಾನ್ ಬೆಲ್ಟು ಜಾರಿ ಕೂಗುವುದಕ್ಕೆ ‘ಕಿರುಚು’ ಸಾಕು, ನೀರಿನ ಪಂಪಿನ ಬೇರಿಂಗ್ ಒರಟಾದಾಗ ‘ಗರಗರ’, ಎಲ್ಲಿಂದಲೋ ಗಾಳಿ ಎಳೆಯುತ್ತಿದ್ದರೆ ‘ಬುಸುಗುಟ್ಟು’. ಒಂದು ಸಿಲಿಂಡರಿನಲ್ಲಿ ಇಂಧನ ಹೊತ್ತಿಕೊಳ್ಳದೆ ತಪ್ಪುವ ‘ಮಿಸ್ಸಿಂಗ್’ ಎಂಬುದಕ್ಕೆ ‘ಎಡವು’ ಎಂದು ಬರೆದಿದ್ದೇನೆ, ಯಾರೂ ಆಕ್ಷೇಪಿಸಲಾರರೆಂದು ಭಾವಿಸುತ್ತೇನೆ. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲ್ಲರ ನಿಘಂಟು ಕಾರುಗಳು ಈ ಸೀಮೆಗೆ ಬರುವ ಮೊದಲಿನದಾದ್ದರಿಂದ ಅದರಿಂದ ಇಲ್ಲಿ ನೇರವಾದ ನೆರವನ್ನು ಬಯಸುವಂತಿಲ್ಲ.

ಇನ್ನು ಒಂದು ಪ್ರಶ್ನೆ ಹಿರಿಯರಿಗೆ. ಅಡಿಕೆ ತೋಟಗಳಿಗೆ ಡೀಸೆಲ್ ಪಂಪುಗಳಿಂದ ನೀರು ಹಾಯಿಸುತ್ತಿದ್ದ ಕಾಲದಲ್ಲಿ ಆ ಎಂಜಿನ್ನುಗಳನ್ನು ಮನೆಯವರೇ ಬಿಚ್ಚಿ ಜೋಡಿಸುವುದಿತ್ತು. ಡೀಸೆಲ್ ಎಂಜಿನ್ನಿಗೆ ಇಂಧನ ಚಿಮ್ಮಿದ ಮೇಲೆ ಹೊತ್ತಿಕೊಳ್ಳಲು ತುಸು ತಡವಾಗುವುದರಿಂದ ಒಂದು ಮಟ್ಟದ ಬಡಿತ ಅದರ ಸ್ವಭಾವವೇ ಆಗಿದೆ. ಆ ಸಹಜ ಸದ್ದನ್ನೂ ಕೆಟ್ಟ ಸದ್ದನ್ನೂ ಅವರು ಬೇರೆ ಬೇರೆ ಮಾತುಗಳಿಂದ ಕರೆಯುತ್ತಿದ್ದಿರಬೇಕು. ಕುಂಬಳೆ, ಬಾಯಾರು, ಎಣ್ಮಕಜೆಯ ಕಡೆಯ ತೋಟಗಳಲ್ಲಾಗಲಿ, ಗಡಿಯಾಚೆಯ ಪುತ್ತೂರು, ಸುಳ್ಯಗಳಲ್ಲಾಗಲಿ ಅಂತಹ ಮಾತುಗಳನ್ನು ಕೇಳಿದವರಿದ್ದರೆ, ಅವು ಹವ್ಯಕದವೋ ತುಳುವಿನವೋ ಎಂಬುದನ್ನೂ ಸೇರಿಸಿ, ಯಾವ ಸದ್ದಿಗೆ ಯಾವ ಮಾತು ಎಂಬ ವಿವರದೊಡನೆ ತಿಳಿಸಬೇಕಾಗಿ ವಿನಂತಿ.