3.2ರ ಲೆಕ್ಕದಲ್ಲಿ ಅತ್ತೆ ಎಲ್ಲಿದ್ದಾರೆ?

ಸುಧಾಕರ ಚಿಕ್ಕಪ್ಪ (ಡೊಂಬಿವಲಿ): ನಮ್ಮ ಕುಟುಂಬದ ಈ ಗುಂಪಿನಲ್ಲಿ ನಾನು ಮೇಲೆ ಹಾಕಿರುವ ನಿರುದ್ಯೋಗದ ಅಂಕಿಗಳ ಚಿತ್ರವನ್ನು ಎಲ್ಲರೂ ಓದಬೇಕು. 2017-18ರಲ್ಲಿ ಶೇ. 6.1 ಇದ್ದ ನಿರುದ್ಯೋಗ 2023-24ರಲ್ಲಿ ಶೇ. 3.2ಕ್ಕೆ ಇಳಿದಿದೆ. ದೇಶದಲ್ಲಿ ಕೆಲಸವೇ ಇಲ್ಲವೆಂದು ಹಲುಬುವವರಿಗೆ ಈ ಉತ್ತರ ಸಾಕು.

ನಿಖಿಲ (ಪುಣೆ): ಚಿಕ್ಕಪ್ಪ, ಇದು ಕಟ್ಟಿದ ಲೆಕ್ಕ. ನನ್ನ ಜೊತೆ ಓದಿದ ಎಷ್ಟೋ ಹುಡುಗರು ಇಂದಿಗೂ ಹಿಂಜವಡಿಯ ಕಂಪನಿಗಳಿಗೆ ಅರ್ಜಿ ಹಾಕುತ್ತಲೇ ಇದ್ದಾರೆ.

ಮೇಘನಾ (ಠಾಣೆ): ಚಿಕ್ಕಪ್ಪ, ನೀವು ಹಾಕಿದ ಅಂಕಿ ಸರಿಯಾಗಿದೆ. ಅದು ರಾಷ್ಟ್ರೀಯ ಸಾಂಖ್ಯಿಕ ಕಚೇರಿಯವರು ತಮ್ಮ ಉದ್ಯೋಗ ಸಮೀಕ್ಷೆಗಾಗಿ ಒಂದು ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಹೋಗಿ ಕೇಳಿ ಪಡೆದ ಅಂಕಿ; ಅದನ್ನು ಕಟ್ಟಿದ ಲೆಕ್ಕವೆಂದು ತಳ್ಳಿಹಾಕುವುದು ಅನ್ಯಾಯ, ನಿಖಿಲ. ನಿನ್ನ ಗೆಳೆಯರೂ ಅದೇ ವರದಿಯಲ್ಲಿದ್ದಾರೆ: 15ರಿಂದ 29 ವರ್ಷದವರಲ್ಲಿ ನಿರುದ್ಯೋಗ ಶೇ. 10.2. ಚಿತ್ರ ಮಾಡಿದವರು ಆ ಸಾಲನ್ನು ಬಿಟ್ಟಿದ್ದಾರೆ.

ಸುಧಾಕರ ಚಿಕ್ಕಪ್ಪ: ಅದೂ ಮೊದಲಿಗಿಂತ ಇಳಿದಿರಬೇಕಲ್ಲವೇ?

ಮೇಘನಾ: ಇಳಿದಿದೆ, ಮೊದಲು ಶೇ. 17.8 ಇತ್ತು. ನಾನು ಕೇಳುವುದು ಬೇರೆ. ಈ ಸಮೀಕ್ಷೆಯಲ್ಲಿ ‘ಕೆಲಸ’ ಎಂದರೆ ಏನು? ವರ್ಷದಲ್ಲಿ ಮೂವತ್ತು ದಿನ ದುಡಿದವರನ್ನೂ ‘ಸಾಮಾನ್ಯ ಸ್ಥಿತಿ’ಯ, ಅಂದರೆ ಹಿಂದಿನ ಇಡೀ ವರ್ಷವನ್ನು ನೋಡುವ, ಲೆಕ್ಕದಲ್ಲಿ ಉದ್ಯೋಗಿಗಳೆಂದೇ ಹಿಡಿಯುತ್ತಾರೆ, ಮನೆಯವರ ಅಂಗಡಿಯಲ್ಲೋ ಹೊಲದಲ್ಲೋ ಒಂದು ರೂಪಾಯಿ ಸಂಬಳವಿಲ್ಲದೆ ಕೈಜೋಡಿಸಿದವರೂ ಅದೇ ಪಟ್ಟಿಯಲ್ಲಿ ಸೇರುತ್ತಾರೆ. ಈ ಆರು ವರ್ಷಗಳಲ್ಲಿ, 15 ವರ್ಷ ತುಂಬಿದ ಹೆಂಗಸರ ಪೈಕಿ ದುಡಿಯುವವರ ಇಲ್ಲವೇ ಕೆಲಸ ಹುಡುಕುವವರ ಪಾಲು ಶೇ. 23.3ರಿಂದ 41.7ಕ್ಕೆ ಏರಿತೆಂದು ಎಲ್ಲರೂ ಸಂತೋಷಪಟ್ಟರು. ಆದರೆ ದುಡಿಯುವ ಹೆಂಗಸರಲ್ಲಿ ತಿಂಗಳ ಸಂಬಳದವರು ಶೇ. 21ರಿಂದ 15.9ಕ್ಕೆ ಇಳಿದರು, ಸ್ವಂತ ಉದ್ಯೋಗದವರು ಶೇ. 67.4ಕ್ಕೆ ಏರಿದರು, ಅವರಲ್ಲೇ ಅರ್ಧಕ್ಕಿಂತ ಹೆಚ್ಚಿನವರು ಕೂಲಿಯಿಲ್ಲದ ಸಹಾಯಕರು. ಮುಲುಂಡಿನ ತಮ್ಮ ಮನೆಯವರ ಖಾನಾವಳಿಯಲ್ಲಿ ಸಂಬಳವಿಲ್ಲದೆ ಬೆಳಗ್ಗೆ ನಾಲ್ಕಕ್ಕೆ ಎದ್ದು ಎರಡು ನೂರು ಚಪಾತಿ ಲಟ್ಟಿಸುವ ನಮ್ಮ ವಿಜಯಾ ಅತ್ತೆ ಆ ಪಟ್ಟಿಯವರೇ.

ಸುಧಾಕರ ಚಿಕ್ಕಪ್ಪ: ಅದು ನಮ್ಮ ಮನೆಯ ವ್ಯವಹಾರ. ಭಾವನವರು ಎಂದೂ ಅವಳಿಗೆ ಕಡಿಮೆ ಮಾಡಿಲ್ಲ.

ಮೇಘನಾ: ಮಾವನವರನ್ನು ನಾನು ದೂರುತ್ತಿಲ್ಲ. ಅತ್ತೆಯವರ ದುಡಿಮೆ ಉದ್ಯೋಗವೆಂದು ಎಣಿಕೆಗೆ ಬಂದದ್ದು ನ್ಯಾಯವೇ. ಆದರೆ ಅದನ್ನೂ ಸಂಬಳದ ನೌಕರಿಯನ್ನೂ ಒಂದೇ ಮೊತ್ತದಲ್ಲಿ ಕೂಡಿಸಿ, ನೌಕರಿಗಳು ಹೆಚ್ಚಿದವೆಂದು ಹೇಳಲಾಗದು.

ವಿಜಯಾ ಅತ್ತೆ (ಮುಲುಂಡ್): ಇದುವರೆಗೆ ಸುಮ್ಮನೆ ಓದುತ್ತಿದ್ದೆ. ಮೇಘನಾ, ಖಾನಾವಳಿ ಮುಚ್ಚಿದ ಮೇಲೆ ಮನೆಯಲ್ಲಿ ಮಾಡುವ ಅಡುಗೆ, ಬಟ್ಟೆ, ನಮ್ಮ ಅತ್ತೆಯವರ ಸೇವೆ, ಇವನ್ನು ಯಾರು ಎಣಿಸುತ್ತಾರೆ?

ಮೇಘನಾ: ಉದ್ಯೋಗದ ಸಮೀಕ್ಷೆ ಅದನ್ನು ಎಣಿಸುವುದಿಲ್ಲ, ಅತ್ತೆ. ಸಮಯ ಬಳಕೆಯ ಸಮೀಕ್ಷೆ ಎಂಬುದು ಬೇರೆ ಇದೆ. 2024ರ ಆ ಸಮೀಕ್ಷೆಯಲ್ಲಿ 15ರಿಂದ 59 ವರ್ಷದವರ ಪೈಕಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 305 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ.

ವಿಜಯಾ ಅತ್ತೆ: ಐದು ತಾಸಿಗೂ ಹೆಚ್ಚು. ಸುಧಾಕರ, ಇದರದೂ ಒಂದು ಚಿತ್ರ ಮಾಡಿಸಿ ಗುಂಪಿಗೆ ಹಾಕು.

ಸುಧಾಕರ ಚಿಕ್ಕಪ್ಪ: ಹಾಕುತ್ತೇನೆ, ಅಕ್ಕ. ಮೇಘನಾ, ಸಂಬಳದವರ ಅಂಕಿಗಳನ್ನು ನನಗೆ ಬೇರೆಯಾಗಿ ಕಳಿಸು. ಇದೇ ಚಿತ್ರವನ್ನು ನಮ್ಮ ಸೊಸೈಟಿಯ ಗುಂಪಿಗೂ ಕಳಿಸಿದ್ದೇನೆ, ಅಲ್ಲಿಯೂ ಬರೆಯಬೇಕು.