ಹದಿಮೂರು ಹೆಜ್ಜೆ

ಮಂಡ್ಯದ ಸ್ಟೇಡಿಯಂ ಹತ್ತಿರದ ಟೀ ಅಂಗಡಿ ಬೆಂಚಿಗೆ ಹಿಡಿಸುವುದು ನಾಲ್ಕೇ ಜನ. ನಾವು ಐದು. ಅವತ್ತು ನಿಂತುಕೊಳ್ಳುವ ಪಾಳಿ ಚಲುವನದು. ನಿಂತವನು ಸುಮ್ಮನಿದ್ದಾನೆಯೇ?

"ಎಡ್ವಿನ್ ಮೋಸೆಸ್ ಅಂತ ಅಮೆರಿಕದವ್ನು ಕಣ್ರಲಾ. 400 ಮೀಟರ್ ಹರ್ಡಲ್ಸು. 1977ರಿಂದ 1987ರ ಗಂಟ ಸಾಲಾಗಿ 122 ಓಟ ಗೆದ್ದವ್ನೆ. ಒಂಬತ್ತು ವರ್ಸ, ಒಂಬತ್ತು ತಿಂಗ್ಳು, ಒಂಬತ್ತು ದಿನ ಸೋಲೇ ಇಲ್ಲ!"

"ನವಗ್ರಹ ಎಲ್ಲಾ ಒಂದೇ ಮನೇಲಿ ಕುಂತಿದ್ವೇನೋ," ಅಂದ ನಿಂಗ. "ಏನ್ ಹಾರ್‍ಬೇಕು ಅದ್ರಲ್ಲಿ?"

"10 ಹರ್ಡಲ್ಲು, ಅಂದ್ರೆ ದಾರಿಗೆ ಅಡ್ಡ ನಿಲ್ಸಿರೋ ಚೌಕಟ್ಟು. ಒಂದೊಂದೂ ಮೂರಡಿ ಎತ್ರ."

"ಅಷ್ಟೇಯಾ? ನಮ್ಮೂರಿನ ಹಂಪುಗಳ ಮ್ಯಾಲೆ ನನ್ ಮೊಪೆಡ್ಡು ದಿನಾ ಹಾರ್ತದೆ. ಅದುಕ್ಕೂ ಒಂದು ಪದಕ ಕೊಡ್ಸು."

ರಿಟೈರಾದ ಮೇಷ್ಟ್ರು ಕನ್ನಡಕ ಒರೆಸಿದರು. ಅವರು ಕನ್ನಡಕ ಒರೆಸಿದರೆ ಪಾಠ ಶುರು ಅಂತಲೇ ಲೆಕ್ಕ. "ಆತ ಭೌತಶಾಸ್ತ್ರ ಓದಿದೋನು ಕಣಯ್ಯ. ಅವನ ಕಾಲೇಜಿನಲ್ಲಿ ಓಡೋಕೆ ಟ್ರ್ಯಾಕೂ ಇರಲಿಲ್ಲ. ಗುಟ್ಟಿರೋದು ಹೆಜ್ಜೇಲಿ. ಎರಡು ಹರ್ಡಲ್ ಮಧ್ಯೆ 35 ಮೀಟರು. ಬೇರೆಯವರು ದಣಿದ ಹಾಗೆಲ್ಲ 14, 15 ಹೆಜ್ಜೆ ಹಾಕ್ತಿದ್ರು. ಈತ ಮೊದಲಿಂದ ಕೊನೇವರೆಗೂ 13. ಹದಿಮೂರಾದ್ರೆ ಪ್ರತಿ ಸಲವೂ ಅದೇ ಕಾಲು ಮುಂದೆ. ಹದಿನಾಲ್ಕಾದ್ರೆ ಕಾಲು ಬದಲಾಯಿಸ್ಬೇಕು."

ಮಂಡ್ಯದವರಿಗೆ ಲೆಕ್ಕ ಹೇಳಿದರೆ ಸಾಲದು, ಅಳೆದು ನೋಡಬೇಕು. ಅಂಗಡಿಯಿಂದ ಎಳನೀರು ಗಾಡಿಗೆ ಹೆಚ್ಚುಕಮ್ಮಿ 35 ಮೀಟರು ಅಂತ ತೀರ್ಮಾನವಾಯಿತು. ನಿಂಗ ಪಂಚೆ ಎತ್ತಿ ಕಟ್ಟಿ ಓಡಿದ. ನಾವು ಎಣಿಸಿದ್ದು 29 ಹೆಜ್ಜೆ. ಮೂವತ್ತನೆಯದು ಎಳನೀರು ರಾಶಿಯ ಮೇಲೆ. ಗಾಡಿಯವನು ಬೈದ ಮಾತು ಇಲ್ಲಿ ಬೇಡ.

ಏದುಸಿರು ಬಿಡುತ್ತಲೇ ನಿಂಗ ಕೇಳಿದ: "ಒಲಿಂಪಿಕ್ಸಲ್ಲಿ ಏನ್ ಕಿತ್ತಾಕ್ದ?"

"1976ರಲ್ಲಿ ಮಾಂಟ್ರಿಯಲ್‌ನಾಗೆ ಚಿನ್ನ, ವಿಶ್ವದಾಖಲೆ ಬೇರೆ," ಅಂದ ಚಲುವ. "1980ರಲ್ಲಿ ಅಮೆರಿಕದೋರು ಮಾಸ್ಕೋಗೇ ಓಗ್ಲಿಲ್ಲ. ಇಲ್ದಿದ್ರೆ ಅದೂ ಇವಂದೇಯ. 1984ರಲ್ಲಿ ಲಾಸ್ ಏಂಜಲೀಸ್‌ನಾಗೆ ಮತ್ತೆ ಚಿನ್ನ. ಅಲ್ಲೇ ಎಲ್ಲಾರ ಪರವಾಗಿ ಪ್ರಮಾಣವಚನ ಯೋಳಕ್ಕೆ ನಿಲ್ಸುದ್ರೆ, ಅರ್ಧಕ್ಕೆ ಮಾತೇ ಮರ್‍ತೋಯ್ತು!"

ನಿಂಗನ ಮುಖ ಅರಳಿತು. "ನಮ್ಮೋನೇ ಬುಡು! ಮದ್ವೇಲಿ ಪುರೋಹಿತ್ರು ಯೋಳ್ಕೊಟ್ಟಿದ್ದೂ ನಂಗೆ ಮರ್‍ತೋಗಿತ್ತು."

"ಕೊನೇಗೆ ಯಾರಪ್ಪ ಸೋಲ್ಸುದ್ದು?" ಅಂತ ನಾನು ಕೇಳಿದೆ.

"ಡ್ಯಾನಿ ಹ್ಯಾರಿಸ್. ಮ್ಯಾಡ್ರಿಡ್‌ನಲ್ಲಿ," ಅಂದರು ಮೇಷ್ಟ್ರು. ಆಮೇಲೆ ದನಿ ತಗ್ಗಿತು. "ಅದೇ ಲಾಸ್ ಏಂಜಲೀಸಲ್ಲಿ ನಮ್ಮ ಪಿ.ಟಿ. ಉಷಾನೂ 400 ಮೀಟರ್ ಹರ್ಡಲ್ಸ್ ಓಡಿದ್ಲು. ಸೆಕೆಂಡಿನ ನೂರರಲ್ಲಿ ಒಂದು ಪಾಲಿಗೆ ಕಂಚು ಹೋಯ್ತು. ನಾಲ್ಕನೇ ಜಾಗ."

ಟೀ ಲೋಟಗಳೂ ಸದ್ದು ಮಾಡಲಿಲ್ಲ. ನಮ್ಮ ಬೆಂಚಿನಲ್ಲಾದರೂ ನಾಲ್ಕನೆಯವನಿಗೆ ಜಾಗ ಸಿಗುತ್ತದೆ.

"ನೂರರಲ್ಲಿ ಒಂದು ಪಾಲು ಅಂದ್ರೆ ಎಷ್ಟು ಮೇಷ್ಟ್ರೇ?" ಅಂದ ನಿಂಗ.

"ಟೀ ದುಡ್ಡು ಕೇಳಿದ ತಕ್ಷಣ ನೀನು ಮಾಯ ಆಗ್ತೀಯಲ್ಲ, ಅಷ್ಟು."

"ಯಾವತ್ತು ಮಾಯ ಆಗಿವ್ನಿ ನಾನು?" ಅಂತ ನಿಂಗ ರೇಗಿ ಎದ್ದು ನಿಂತ. ತಿರುಗಿ ನೋಡುವಷ್ಟರಲ್ಲಿ ಅವನ ಜಾಗದಲ್ಲಿ ಚಲುವ ಕೂತಿದ್ದ.